ಅಮ್ಮನ ಬೋನ್ ಸ್ಕ್ಯಾನ್‌ನಲ್ಲಿ ತ್ರಿಕಾಸ್ಥಿಯ ಎರಡೂ ಬದಿ ಕಪ್ಪು: ಹರಡಿದ್ದೋ, ಕರೆಂಟ್ ಕೊಟ್ಟ ಪರಿಣಾಮವೋ?

ಡೊಂಬಿವಲಿ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 64 ವರ್ಷ. ನಮ್ಮ ಊರು ಕುಂದಾಪುರದ ಹತ್ತಿರ, ಡೊಂಬಿವಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಅಮ್ಮನಿಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತು, 2ಬಿ ಹಂತ. ಹೊರಗಿನಿಂದ 25 ದಿನ ಕರೆಂಟ್ ಕೊಟ್ಟರು (ರೇಡಿಯೇಷನ್‌ಗೆ ನಮ್ಮ ಮನೆಯಲ್ಲಿ ಎಲ್ಲರೂ ಕರೆಂಟ್ ಎಂದೇ ಹೇಳುವುದು), ಒಟ್ಟು 50 ಗ್ರೇ (ಡೋಸಿನ ಅಳತೆ). ಜೊತೆಗೆ ವಾರಕ್ಕೊಂದು ಕೀಮೋ, ಸಿಸ್‌ಪ್ಲಾಟಿನ್, ಕೊನೆಗೆ ಒಳಗಿನಿಂದ ಬ್ರೇಕಿಥೆರಪಿ. ಎಲ್ಲ ಮುಗಿದು 14 ತಿಂಗಳಾಯಿತು. ನಡುವೆ ಮಾಡಿಸಿದ ತಪಾಸಣೆಗಳಲ್ಲಿ ಎಲ್ಲ ಸರಿ ಇತ್ತು.

ಒಂದು ತಿಂಗಳಿಂದ ಸೊಂಟದ ಕೆಳಗೆ, ಕೂರುವ ಜಾಗದ ಎರಡೂ ಬದಿ ನೋವು. ಬಿದ್ದಿಲ್ಲ, ಭಾರ ಎತ್ತಿಲ್ಲ. ಒಂದು ಬೆಳಿಗ್ಗೆ ಹೆರೆಮಣೆಯ ಮೇಲೆ ಕೂತು ಕಾಯಿ ಹೆರೆದು ಏಳಲು ಹೋದವರು ಏಳಲಾಗದೆ ಒಂದು ಕೈ ನೆಲಕ್ಕೆ, ಒಂದು ಕೈ ಗೋಡೆಗೆ ಊರಿ ಹಾಗೇ ನಿಂತುಬಿಟ್ಟರು. ಹೆರೆದ ಕಾಯಿಯ ಬಟ್ಟಲು ಕಾಲಿಗೆ ತಾಗಿ ಉರುಳಿತು. ಅಮ್ಮ ಅದನ್ನು ಬಗ್ಗಿ ಎತ್ತಲಿಲ್ಲ. ಅಡುಗೆಮನೆಯಲ್ಲಿ ಏನಾದರೂ ಚೆಲ್ಲಿದರೆ ನನಗಿಂತ ಮೊದಲು ಬಗ್ಗುವವರು ಅವರು. ಆಗಲೇ ನನಗೆ ಎದೆ ಧಸಕ್ಕೆಂದಿತು. ಕೇಳಿದರೆ, "ನಿತ್ಕಂಡ್ರೆ ನೋವ್, ಮನಿಕಂಡ್ರೆ ಆರಾಮ್" ಅಂದರು.

ಆಸ್ಪತ್ರೆಯಲ್ಲಿ ಸ್ಕ್ಯಾನ್‌ಗೆ ಮೂರು ವಾರದ ನಂತರದ ದಿನ ಸಿಕ್ಕಿತು. ಅಷ್ಟು ಕಾಯಲು ಧೈರ್ಯವಾಗದೆ ಹೊರಗೆ ಒಂದು ಖಾಸಗಿ ಸೆಂಟರಿನಲ್ಲಿ ಮಾಡಿಸಿದೆವು. ನಮ್ಮ ಫ್ಯಾಮಿಲಿ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಗರ್ಭಕಂಠದ ಕ್ಯಾನ್ಸರ್, ಸೊಂಟ ನೋವು, ಮೂಳೆಗೆ ಹರಡಿದೆಯೇ ನೋಡಿ. ರಿಪೋರ್ಟಿನಲ್ಲಿ ಬಂದದ್ದು: ತ್ರಿಕಾಸ್ಥಿಯ (ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆ) ಎರಡೂ ಬದಿಯಲ್ಲಿ ಟ್ರೇಸರ್ (ಸ್ಕ್ಯಾನ್‌ಗೆ ಚುಚ್ಚುವ ಔಷಧ) ಹೆಚ್ಚು ಹಿಡಿದಿದೆ, ಮೆಟಾಸ್ಟಾಸಿಸ್ ಶಂಕೆ, ಅಂದರೆ ಕ್ಯಾನ್ಸರ್ ಹರಡಿರುವ ಶಂಕೆ. ಮರುದಿನ ಎಂಆರ್‌ಐ ಮಾಡಿಸಿದೆವು. ಅದರಲ್ಲಿ ಅದೇ ಜಾಗದಲ್ಲಿ ಮ್ಯಾರೋ ಎಡಿಮಾ (ಮಜ್ಜೆಯಲ್ಲಿ ಊತ), ಹರಡಿರುವ ಸಾಧ್ಯತೆ ತಳ್ಳಿಹಾಕಲಾಗದು, ಬಯಾಪ್ಸಿ ಮಾಡಿಸುವುದು ಒಳ್ಳೆಯದು ಎಂದಿದೆ.

ಕೌಂಟರಿನಲ್ಲಿ ಲಕೋಟೆ ಕೊಟ್ಟವರು ಅಮ್ಮನ ಎದುರೇ ಮರಾಠಿಯಲ್ಲಿ, "ಮೂಳೆಗೆ ಹೋಗಿದೆ, ಬೇಗ ದೊಡ್ಡ ಡಾಕ್ಟರಿಗೆ ತೋರಿಸಿ" ಎಂದುಬಿಟ್ಟರು. ಅಮ್ಮನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ರಿಕ್ಷಾದಲ್ಲಿ ಮನೆವರೆಗೂ ಒಂದು ಮಾತಾಡಲಿಲ್ಲ. ರಾತ್ರಿ ಬ್ಯಾಂಕ್ ಪಾಸ್‌ಬುಕ್, ಬಳೆ ಎಲ್ಲ ತೆಗೆದು ಮಂಚದ ಮೇಲಿಟ್ಟುಕೊಂಡು ಕೂತಿದ್ದರು.

ನಮ್ಮ ಡಾಕ್ಟರ್ ಭೇಟಿಗೆ ಇನ್ನೂ ಆರು ದಿನ ಇದೆ. ಸಂಬಂಧಿಕರೊಬ್ಬರು, ಮೂಳೆಗೆ ಹೋದರೆ ಆ ಜಾಗಕ್ಕೆ ಇನ್ನೊಮ್ಮೆ ಕರೆಂಟ್ ಕೊಡುತ್ತಾರೆ, ನೋವು ಇಳಿಯುತ್ತದೆ ಅನ್ನುತ್ತಾರೆ. ಕರೆಂಟ್ ಕೊಟ್ಟ ಜಾಗದ ಮೂಳೆ ತಾನಾಗಿಯೇ ಬಿರುಕು ಬಿಡುವುದುಂಟು, ಸ್ಕ್ಯಾನ್‌ನಲ್ಲಿ ಅದು ಹರಡಿದ ಹಾಗೇ ಕಾಣುತ್ತದೆ ಎಂದು ಎಲ್ಲೋ ಓದಿದೆ. ನಿಜವೇ? ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಯಾರಿಗಾದರೂ ಹೀಗೆ ಆಗಿದೆಯೇ?

ಕೊಥರೂಡ್ ಅಕ್ಕ

ಧೈರ್ಯವಾಗಿರಿ. ನಮ್ಮ ನಾದಿನಿಗೆ ಸ್ತನ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿ ಎರಡು ವರ್ಷಕ್ಕೆ ಅದೇ ಬದಿಯ ಪಕ್ಕೆಲುಬುಗಳಲ್ಲಿ ಚುಕ್ಕೆ ಬಂತು. ಇಲ್ಲಿ ಪುಣೆಯಲ್ಲೇ ತೋರಿಸಿದೆವು. ಸಿಟಿ ಮಾಡಿ ನೋಡಿದರೆ ಕೂದಲೆಳೆಯಂಥ ಬಿರುಕುಗಳು. ಕೆಮ್ಮಿದಾಗ ಬಿಟ್ಟಿರಬೇಕು ಎಂದರು. ಐದು ವರ್ಷ ಆಯಿತು, ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಾರೆ. ನಿಮ್ಮ ಅಮ್ಮನದೂ ಹಾಗೇ ಇರಲಿ ಎಂದು ದೇವರಲ್ಲಿ ಕೇಳಿಕೊಳ್ಳುತ್ತೇನೆ.

ಮುಲುಂಡ್ ಕಾಕಾ

ತಂಗಿ, ಮೊದಲ ನಾ ಯಾರು ಅಂತ ಹೇಳ್ತೀನಿ, ನನ್ನ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನೋದು ನಿನಗ ಗೊತ್ತಿರಬೇಕು. ನಾ ಡಾಕ್ಟರ್ ಅಲ್ಲ. ಹುಟ್ಟಿದ್ದು ಧಾರವಾಡ, ಮುಂಬೈಯಾಗ 33 ವರ್ಷ ರೇಡಿಯೋಥೆರಪಿ ಟೆಕ್ನಾಲಜಿಸ್ಟ್ ಆಗಿ ದುಡದು ರಿಟೈರ್ ಆಗೀನಿ. ಪೇಷಂಟನ್ನ ಮಷೀನಿನ ಕೆಳಗ ಮಲಗಸೋದು, ಮೈಮ್ಯಾಲಿನ ಶಾಯಿ ಚುಕ್ಕಿ ಲೇಸರ್ ಗೆರಿಗೆ ಹೊಂದಸೋದು, ಬಾಗಲಾ ಹಾಕಿ ಹೊರಗ ಬಂದು ಬಟನ್ ಒತ್ತೋದು, ಅದ ನನ್ನ ಕೆಲಸ. ಹಿಂಗಾಗಿ ಕರೆಂಟ್ ಎಲ್ಲೆ ಬಿತ್ತು, ಎಲ್ಲೆ ಬೀಳಲಿಲ್ಲ ಅನ್ನೋದು ನಮಗ ಗೊತ್ತಿರ್ತದ. ಸ್ಕ್ಯಾನ್ ಓದೋರಿಗೆ ಯಾರರ ಹೇಳಿದ್ರಷ್ಟ ಗೊತ್ತಾಗ್ತದ. ನಿಮ್ಮ ಚೀಟಿಯೊಳಗ ಅದನ್ನ ಯಾರೂ ಬರದಿಲ್ಲ. ನನಗ ಎಲ್ಲಾಕ್ಕಿಂತ ದೊಡ್ಡದು ಅನಿಸಿದ್ದು ಇದ.

ನೀ ಓದಿದ್ದು ಖರೇನ ಅದ. ಹೊಟ್ಟಿ ಕೆಳಗ, ಸೊಂಟದ ಭಾಗಕ್ಕ ಕರೆಂಟ್ ಕೊಡಿಸಿಕೊಂಡ ಹೆಣ್ಣುಮಕ್ಕಳೊಳಗ, ಅದೂ ಮುಟ್ಟು ನಿಂತ ವಯಸ್ಸಿನವರೊಳಗ, ಇದು ಅಪರೂಪ ಅಲ್ಲ. ಇದಕ್ಕ ಇನ್‌ಸಫಿಷಿಯೆನ್ಸಿ ಫ್ರ್ಯಾಕ್ಚರ್ ಅಂತಾರ. ಹೆಚ್ಚಾಗಿ ಮೊದಲಿನ ಎರಡು ವರ್ಷದೊಳಗ ಬರ್ತದ. ನಿಮ್ಮ ತಾಯಿಯವರದು 14 ತಿಂಗಳು.

ಎಲುಬು ಕಲ್ಲಲ್ಲವಾ. ದಿನಾ ಸ್ವಲ್ಪ ಕರಗತದ, ದಿನಾ ಸ್ವಲ್ಪ ಕಟ್ಟತದ. ಕಟ್ಟೋ ಜೀವಕೋಶಕ್ಕ, ಅದಕ್ಕ ರಕ್ತ ಒಯ್ಯೋ ಸಣ್ಣ ಸಣ್ಣ ನಾಳಕ್ಕ ಕರೆಂಟಿನ ಪೆಟ್ಟು ಬಿದ್ದಿರ್ತದ. ಕರಗೋದು ನಡದ ಇರ್ತದ, ಕಟ್ಟೋದು ಹಿಂದ ಬೀಳ್ತದ. ಬೆನ್ನೆಲುಬಿನ ಭಾರ ಎಲ್ಲಾ ತ್ರಿಕಾಸ್ಥಿ ಮ್ಯಾಲೆ ಬಂದು ಅದರ ಎರಡು ರೆಕ್ಕಿಯೊಳಗಿಂದ ಸೊಂಟದ ಎಲುಬಿಗೆ ಇಳೀತದ. ಅದಕ್ಕ ಬಿರುಕು ಬಿಡೋದು ಆ ರೆಕ್ಕಿಯೊಳಗನ, ಭಾಳ ಸಲ ಎರಡೂ ಕಡೆ. ಬೀಳಬೇಕು ಅಂತಿಲ್ಲ. ಕೂತು ಏಳೋದ ಸಾಕಾಗ್ತದ.

ಇನ್ನ ಬೋನ್ ಸ್ಕ್ಯಾನ್. ಅದರೊಳಗ ಕೊಡೋ ಟೆಕ್ನಿಷಿಯಂ ಔಷಧ ಕ್ಯಾನ್ಸರ್ ಹುಡುಕಿಕೊಂಡು ಹೋಗೂದಿಲ್ಲ. ಎಲುಬು ಎಲ್ಲೆ ಜೋರಾಗಿ ಹೊಸದು ಕಟ್ಟಲಿಕ್ಕೆ ಹತ್ತೇದ, ಅಲ್ಲೆ ಹೋಗಿ ಕೂಡತದ. ಗಡ್ಡಿಯ ಸುತ್ತಲೂ ಕಟ್ಟತದ, ಮುರಿದ ಎಲುಬು ಕೂಡುವಾಗೂ ಕಟ್ಟತದ. ಫಿಲ್ಮಿನ ಮ್ಯಾಲೆ ಎರಡೂ ಕಪ್ಪನ. ಆದ್ರ ಆಕಾರ ನೋಡಬೇಕು. ಎರಡೂ ರೆಕ್ಕಿಯೊಳಗ ಎರಡು ನಿಂತ ಪಟ್ಟಿ, ನಡುವ ಒಂದು ಅಡ್ಡ ಪಟ್ಟಿ, ಇಂಗ್ಲಿಷಿನ ಎಚ್ ಅಕ್ಷರದ ಹಂಗ ಕಂಡ್ರ ಅದು ಬಿರುಕಿನ ಗುರುತು. ಕಾರಿನ ಲಾಂಛನದ ಹಂಗ ಇರ್ತದಂತ ಅದಕ್ಕ ಹೋಂಡಾ ಸೈನ್ ಅಂತನ ಹೆಸರದ. ಪೂರಾ ಎಚ್ ಎಲ್ಲಾರಿಗೂ ಮೂಡೂದಿಲ್ಲ. ಬರೇ ಎರಡು ಕಂಬ ಕಾಣಬಹುದು, ಒಂದ ಕಂಬಾನೂ ಕಾಣಬಹುದು.

ಎಂಆರ್‌ಐ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದರೊಳಗ ನಮ್ಮ ಕೈಯ ಕೆಲಸ ಕಣ್ಣಿಗೆ ಕಾಣಸ್ತದ. ಕರೆಂಟ್ ಬಿದ್ದ ಎಲುಬಿನೊಳಗ ರಕ್ತ ತಯಾರಾಗೋ ಕೆಂಪು ಮಜ್ಜೆ ಹೋಗಿ ಕೊಬ್ಬು ತುಂಬತದ. ಟಿ1 ಅನ್ನೋ ಚಿತ್ರದೊಳಗ ಕೊಬ್ಬು ಬೆಳ್ಳಗ ಕಾಣತದ. ನಿಂತ ಬೆನ್ನೆಲುಬನ್ನ ಪಕ್ಕದಿಂದ ತೆಗದ ಟಿ1 ಚಿತ್ರ ತಗೊಂಡು ನೋಡು. ಮ್ಯಾಲಿನ ಮಣಿ ಬೂದು, ಬೂದು, ಬೂದು. ಒಂದು ಕಡೆ ಬಂದಕೂಡಲೇ ಸ್ಕೇಲ್ ಇಟ್ಟು ಗೆರಿ ಹೊಡದ ಹಂಗ ಬಣ್ಣ ಬದಲಾಗಿ ಅಲ್ಲಿಂದ ಕೆಳಗ ಬೆಳ್ಳಗ. ಒಮ್ಮೊಮ್ಮೆ ಒಂದ ಮಣಿಯೊಳಗ ಮ್ಯಾಲಿನ ಅರ್ಧ ಬೂದು, ಕೆಳಗಿನ ಅರ್ಧ ಬಿಳಿ. ಆ ಗೆರಿ ರೋಗ ಹಾಕಿದ್ದಲ್ಲ, ನಮ್ಮ ಫೀಲ್ಡಿನ, ಅಂದ್ರ ಕರೆಂಟ್ ಬೀಳೋ ಜಾಗದ, ಅಂಚು. ಈಗಿನ ಐಎಂಆರ್‌ಟಿಯೊಳಗ (ಕರೆಂಟನ್ನ ಜಾಗದ ಆಕಾರಕ್ಕ ಹೊಂದಿಸಿ ಕೊಡೋ ಪದ್ಧತಿ) ಅಷ್ಟು ನೆಟ್ಟಗ ಇರೂದಿಲ್ಲ, ಆದರೂ ತಿಳೀತದ. ಮೊದಲನೇ ಸಲ ಒಬ್ಬ ರೇಡಿಯಾಲಜಿಸ್ಟ್ ನನ್ನ ಕರದು ಇದನ್ನ ತೋರಿಸಿದಾಗ ನಾ ಭಾಳ ಹೊತ್ತು ಸುಮ್ಮನ ನಿಂತಿದ್ದೆ. ಆ ಹೆಣ್ಣುಮಗಳನ್ನ ದಿನಾ ಮಲಗಿಸಿದಾವ ನಾನ.

ಬಿರುಕು ಇದ್ರ ಆ ಬಿಳಿ ಕೊಬ್ಬಿನ ನಡುವ ಒಂದು ಕರೀ ಗೆರಿ, ಸುತ್ತ ನೀರು ತುಂಬಿದ ಊತ ಇರ್ತದ. ಎಡಿಮಾ ಅಂತ ಬರದಿದ್ದು ಅದನ. ಗೆರಿ ತ್ರಿಕಾಸ್ಥಿ, ಸೊಂಟದ ಎಲುಬು ಕೂಡೋ ಕೀಲಿಗೆ ಸಮಾನಾಂತರವಾಗಿ ಹೋಗಿರ್ತದ. ಊತ ಜಾಸ್ತಿ ಆದ್ರ ಗೆರಿ ಮುಚ್ಚಿಹೋಗಿ ಎಂಆರ್‌ಐಯೊಳಗ ಕಾಣೂದ ಇಲ್ಲ. ಆವಾಗ ಅದ ಜಾಗದ್ದು ತೆಳು ತೆಳು ಹೋಳಿನ ಸಿಟಿ ತಗದು ಬೋನ್ ವಿಂಡೋದಾಗ (ಎಲುಬು ಚೊಲೋ ಕಾಣೋ ಸೆಟಿಂಗ್) ನೋಡಿದ್ರ ಬಿರುಕು, ಅದರ ಅಂಚಿಗೆ ಗಟ್ಟಿಯಾಗಿ ಕಟ್ಟಲಿಕ್ಕೆ ಹತ್ತಿದ ಬಿಳಿ ಪಟ್ಟಿ ಕಾಣತದ. ಹರಡಿದ ಗಡ್ಡಿ ಬ್ಯಾರೆ ನಮೂನಿ. ಗುಂಡಗ ಇರ್ತದ, ಕೊಬ್ಬನ್ನ ತಳ್ಳಿ ತಾ ಕೂತಿರ್ತದ, ಎಲುಬಿನ ಹೊರಗಿನ ಗ್ವಾಡಿ ತಿಂದು ಪಕ್ಕಕ್ಕ ಮಾಂಸದ ಗಂಟಾಗಿ ಬೆಳೀತದ. ನಮ್ಮ ಫೀಲ್ಡಿನ ಅಂಚು ಅದಕ್ಕ ಗೊತ್ತಿಲ್ಲ, ಎಲ್ಲೆ ಬೇಕಾದಲ್ಲೆ ಬರ್ತದ. ಕೊಬ್ಬು ಉಳದದ ಇಲ್ಲ ಅಂತ ನೋಡಲಿಕ್ಕೆ ಇನ್-ಫೇಸ್, ಔಟ್-ಆಫ್-ಫೇಸ್ ಅಂತ ಎಂಆರ್‌ಐಯ ಎರಡು ಸೀಕ್ವೆನ್ಸ್ (ಚಿತ್ರ ತಗಿಯೋ ರೀತಿ) ಅವ, ಅವನ್ನ ತಗದಾರೇನು ಅಂತ ಕೇಳು.

ಪೆಟ್ ಸ್ಕ್ಯಾನ್ ಮಾಡಿಸಿಬಿಡೋಣ ಅಂತ ಯಾರರ ಅಂದ್ರ ಇದು ನೆನಪಿಟ್ಟುಕೋ: ಅದರೊಳಗ ಚುಚ್ಚೋದು ಸಕ್ಕರಿಯಂಥ ಔಷಧ, ಕೂಡಲಿಕ್ಕೆ ಹತ್ತಿದ ಬಿರುಕೂ ಅದನ್ನ ಎಳಕೊಳ್ತದ, ಅಲ್ಲೂ ಹೊಳೀತದ. ಹೊಳದ ಮಾತ್ರಕ್ಕ ಕ್ಯಾನ್ಸರ್ ಅಲ್ಲ. ಬಯಾಪ್ಸಿಗೂ ಅವಸರ ಮಾಡಬ್ಯಾಡ. ಕರೆಂಟ್ ಬಿದ್ದ ಎಲುಬು ನಿಧಾನ ಮಾಯ್ತದ, ಅಲ್ಲೆ ತೂತು ಹಾಕೋದು ಸಣ್ಣ ಮಾತಲ್ಲ. ಚಿತ್ರ ನೋಡಿ ತೀರ್ಮಾನ ಆಗಲಿಲ್ಲ ಅಂದ್ರ ಮಾಡ್ತಾರ, ಬ್ಯಾಡ ಅಂತ ನಾ ಅನ್ನೂದಿಲ್ಲ. ಆ ನಿರ್ಧಾರ ಟ್ಯೂಮರ್ ಬೋರ್ಡಿನಾಗ ಎಲ್ಲಾ ವಿಭಾಗದ ಡಾಕ್ಟರೂ ಕೂತು ಮಾಡಬೇಕು. ಮತ್ತ ಆ ಸಂಬಂಧಿಕರ ಮಾತು. ಬಿರುಕನ್ನ ಗಡ್ಡಿ ಅಂತ ತಿಳದು ಅದ ಎಲುಬಿಗೆ ಇನ್ನೊಮ್ಮೆ ಕರೆಂಟ್ ಕೊಟ್ರ ಅದು ಇನ್ನಷ್ಟು ಸೋಲ್ತದ. ಅದಕ್ಕ ನಾ ಇಷ್ಟು ಉದ್ದ ಬರೀಲಿಕ್ಕೆ ಹತ್ತೀನಿ.

ನೀ ಮಾಡಬೇಕಾದ್ದು: ಆಸ್ಪತ್ರಿಯ ರೇಡಿಯೇಷನ್ ವಿಭಾಗದಾಗ ಟ್ರೀಟ್‌ಮೆಂಟ್ ಸಮ್ಮರಿ ಕೇಳಿ ತಗೋ. ಡೋಸ್, ಎಷ್ಟು ದಿನ, ಶುರು ಆದ ಮತ್ತ ಮುಗದ ತಾರೀಖು, ಫೀಲ್ಡಿನ ಮ್ಯಾಲಿನ ಅಂಚು ಯಾವ ಮಣಿ ತನಕ, ಎಲ್ಲಾ ಅದರೊಳಗ ಇರ್ತದ. ಅವರ ಕಂಪ್ಯೂಟರಿನಾಗ ನಿಮ್ಮ ತಾಯಿಯವರ ಪ್ಲಾನಿಂಗ್ ಸಿಟಿ ಮ್ಯಾಲೆ ಡೋಸಿನ ಬಣ್ಣ ಹಾಕಿದ ನಕಾಶೆ ಇರ್ತದ. ಹೊಸಾ ಎಂಆರ್‌ಐಯ ಸಿಡಿ ಕೊಟ್ಟು, ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡ್ರಿ ಅಂತ ಕೈಮುಗದು ಕೇಳು. ಬರೇ ಫಿಲ್ಮ್ ಸಾಲೂದಿಲ್ಲ, ಸಿಡಿ ಬೇಕು.

ನಿಮ್ಮ ತಾಯಿಯವರು ಅಂದ್ರಲ್ಲ, ನಿಂತ್ರ ನೋವು, ಮಲಗಿದ್ರ ಆರಾಮ ಅಂತ. ಬಿರುಕಿನ ನೋವು ಹೆಚ್ಚಾಗಿ ಹಂಗ ಇರ್ತದ. ಅದನ್ನ ಡಾಕ್ಟರಿಗೆ ಅವರ ಬಾಯಿಂದನ ಹೇಳಸು. ಕಾಲು ಸೋತ್ರ, ಉಚ್ಚಿ ಕಟ್ಟಿದ್ರ, ಕೂಡೋ ಜಾಗ ಜುಮ್ಮಂತ ಮರಗಟ್ಟಿದ್ರ ಮಾತ್ರ ಆರು ದಿನ ಕಾಯಬ್ಯಾಡ, ಅವತ್ತ ಕ್ಯಾಜುವಲ್ಟಿಗೆ ಹೋಗು.

ಮಡಗಾಂವ್‌ನಿಂದ

ಕಾಕಾ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನನ್ನ ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಆಗಿ ಮೂರನೇ ವರ್ಷ ಬೆನ್ನು ನೋವು ಬಂತು. ರೇಡಿಯೇಷನ್ನಿನ ಪರಿಣಾಮವೇ ಇರಬೇಕು ಎಂದು ನಾವೇ ಮನೆಯಲ್ಲಿ ತೀರ್ಮಾನಿಸಿ ಎರಡೂವರೆ ತಿಂಗಳು ಕಳೆದೆವು. ಅವನ ನೋವು ರಾತ್ರಿ ಹೆಚ್ಚುತ್ತಿತ್ತು, ಮಲಗಿದರೂ ಇಳಿಯುತ್ತಿರಲಿಲ್ಲ. ಕೊನೆಗೆ ನೋಡಿದರೆ ಪಿಎಸ್‌ಎ (ಪ್ರಾಸ್ಟೇಟ್‌ಗೆ ಮಾಡುವ ರಕ್ತಪರೀಕ್ಷೆ) ಏರಿತ್ತು, ಎಲ್ 2 ಮಣಿ (ಸೊಂಟದ ಎರಡನೇ ಬೆನ್ನುಮಣಿ) ಮತ್ತು ತೊಡೆಯ ಮೂಳೆಯಲ್ಲಿ ಗಡ್ಡೆ. ಎರಡೂ ರೇಡಿಯೇಷನ್ ಬೀಳದ ಜಾಗ. ಅಮ್ಮನ ಸ್ಕ್ಯಾನ್‌ನಲ್ಲಿ ಬೇರೆ ಎಲ್ಲಾದರೂ ಚುಕ್ಕೆ ಇದೆಯೇ ಎಂದು ರಿಪೋರ್ಟನ್ನು ಕೊನೆಯ ಸಾಲಿನವರೆಗೂ ಓದಿ.

ಡೊಂಬಿವಲಿ ಮಗಳು

ಕಾಕಾ, ನಿಮ್ಮ ಉತ್ತರವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಆ ಚುಕ್ಕಿ ಇನ್ನೂ ಇತ್ತ್" ಎಂದು ಸೀರೆ ಸರಿಸಿ ಹೊಟ್ಟೆಯ ಬದಿಯ ಶಾಯಿಯ ಚುಕ್ಕೆ ತೋರಿಸಿದರು. ಎಳ್ಳು ಕಾಳಿನಷ್ಟು, ನೀಲಿ. ನಾನು ಇಷ್ಟು ದಿನ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಫೈಲಿನಲ್ಲಿ ಸಮ್ಮರಿ ಸಿಕ್ಕಿತು. ಮೇಲಿನ ಅಂಚು ಎಲ್ 4 ಮತ್ತು ಎಲ್ 5ರ (ಸೊಂಟದ ಕೊನೆಯ ಎರಡು ಬೆನ್ನುಮಣಿ) ನಡುವೆ. ಎಂಆರ್‌ಐ ರಿಪೋರ್ಟಿನ ಎರಡನೇ ಪುಟದಲ್ಲಿ, ಎಲ್ 5ರಿಂದ ಕೆಳಗೆ ಮಜ್ಜೆಯಲ್ಲಿ ಕೊಬ್ಬಿನ ಬದಲಾವಣೆ ಎಂದು ಒಂದು ಸಾಲಿದೆ! ಮೊದಲ ಪುಟದ "ಹರಡಿರುವ ಸಾಧ್ಯತೆ" ಓದಿದ ಮೇಲೆ ಪುಟ ತಿರುಗಿಸುವ ಶಕ್ತಿ ನನಗಿರಲಿಲ್ಲ.

ಮಡಗಾಂವ್‌ನವರೇ, ನೀವು ಹೇಳಿದ ಹಾಗೆ ಬೋನ್ ಸ್ಕ್ಯಾನ್ ರಿಪೋರ್ಟನ್ನೂ ಕೊನೆವರೆಗೆ ಓದಿದೆ. ಬಲಗಡೆ ಏಳನೇ ಪಕ್ಕೆಲುಬಿನಲ್ಲಿ ಒಂದು ಸಣ್ಣ ಚುಕ್ಕೆ ಎಂದಿದೆ. ಅಲ್ಲಿ ಕರೆಂಟ್ ಬಿದ್ದಿಲ್ಲ. ಈಗ ಅದರದೇ ಚಿಂತೆ.

ಮುಲುಂಡ್ ಕಾಕಾ

ಪಕ್ಕೆಲುಬಿನ ಚುಕ್ಕಿಯನ್ನ ಕರೆಂಟಿನ ಲೆಕ್ಕಕ್ಕ ಬರೀಲಿಕ್ಕೆ ಬರೂದಿಲ್ಲ ತಂಗಿ. ಅದನ್ನ ಬ್ಯಾರೆನ ಕೇಳಬೇಕು, ಮುಚ್ಚಿಡಬಾರದು. ಆದ್ರ ಒಂದ ಪಕ್ಕೆಲುಬಿನಾಗ ಒಂದ ಚುಕ್ಕಿ ಭಾಳ ಸಲ ಹಳೇ ಪೆಟ್ಟಿನದ ಆಗಿರ್ತದ. ತಾಯಿಯವರಿಗೆ ಎಲ್ಲೆರ ಬಡದಿತ್ತೇನು ಕೇಳು. ಸಿಟಿ ಮಾಡೋದಿದ್ರ ಆ ಪಕ್ಕೆಲುಬನ್ನೂ ಸೇರಿಸಿಕೊಳ್ಳಲಿ.

ಡೊಂಬಿವಲಿ ಮಗಳು

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಕಾದವರಿಗೆಲ್ಲ ಕ್ಷಮೆ ಕೇಳುತ್ತೇನೆ.

ರೇಡಿಯೇಷನ್ ವಿಭಾಗದ ಡಾಕ್ಟರ್ ಸಿಡಿ ಹಾಕಿ, ಪಕ್ಕದ ಪರದೆಯಲ್ಲಿ ಹಳೆಯ ಪ್ಲಾನ್ ತೆಗೆದರು. ನನ್ನನ್ನೂ ಹತ್ತಿರ ಕರೆದರು. ಎಡಗಡೆ ಅಮ್ಮನ ಸೊಂಟದ ಮೇಲೆ ಬಣ್ಣದ ಮೋಡ, ಬಲಗಡೆ ಎಂಆರ್‌ಐ. ಎಲ್ 4 ಬೂದು, ಎಲ್ 5 ಬಿಳಿ, ನಡುವೆ ನೀವು ಹೇಳಿದ ಗೆರೆ. ಬಣ್ಣ ಎಲ್ಲಿ ಮುಗಿದಿತ್ತೋ ಬಿಳಿ ಸರಿಯಾಗಿ ಅಲ್ಲಿಂದ ಶುರು. ಅವತ್ತೇ ಸಿಟಿ ಆಯಿತು. ತ್ರಿಕಾಸ್ಥಿಯ ಎರಡೂ ರೆಕ್ಕೆಯಲ್ಲಿ ಕೀಲಿನ ಉದ್ದಕ್ಕೂ ಬಿರುಕು, ಅಂಚಿನಲ್ಲಿ ಬಿಳಿ ಪಟ್ಟಿ. ಮಾಂಸದ ಗಂಟು ಎಲ್ಲೂ ಇಲ್ಲ. ಟ್ಯೂಮರ್ ಬೋರ್ಡಿನಲ್ಲಿ ಇಟ್ಟು, ಬಯಾಪ್ಸಿ ಸದ್ಯಕ್ಕೆ ಬೇಡ, ಮೂರು ತಿಂಗಳಿಗೆ ಇನ್ನೊಂದು ಎಂಆರ್‌ಐ ಮಾಡೋಣ ಎಂದು ತೀರ್ಮಾನಿಸಿದ್ದಾರೆ.

ಪಕ್ಕೆಲುಬಿನಲ್ಲಿ ಕೂಡಿಕೊಂಡ ಹಳೆಯ ಮುರಿತದ ಗಂಟು ಕಂಡಿತು. ಡಾಕ್ಟರ್ ಎದುರೇ ಅಮ್ಮ ಬಾಯಿಬಿಟ್ಟರು: ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಪಕ್ಕೆ ನಲ್ಲಿಗೆ ಬಡಿದಿತ್ತಂತೆ. ನನಗೆ ಆಫೀಸಿಗೆ ರಜೆ ಹಾಕಬೇಕಾಗುತ್ತದೆ ಎಂದು ಹೇಳಿರಲಿಲ್ಲವಂತೆ. ಅದನ್ನೂ ಮೂರು ತಿಂಗಳಿಗೆ ಮತ್ತೆ ನೋಡುತ್ತಾರೆ.

ವಿಟಮಿನ್ ಡಿ ತೀರಾ ಕಡಿಮೆ, 11 ಇತ್ತು. ಅದನ್ನೂ ಕ್ಯಾಲ್ಸಿಯಮ್ಮನ್ನೂ ಶುರು ಮಾಡಿದ್ದಾರೆ. ಡೆಕ್ಸಾ (ಮೂಳೆಯ ಸಾಂದ್ರತೆಯ ಪರೀಕ್ಷೆ) ಆಗಿದೆ. ಮೂಳೆ ಸವೆಯುವುದನ್ನು ತಡೆಯುವ ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಕೊಡುವ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ ಬನ್ನಿ ಎಂದಿದ್ದಾರೆ. ಮೂಳೆ ಕಟ್ಟಲು ದಿನಾ ಚುಚ್ಚಿಕೊಳ್ಳುವ ಟೆರಿಪ್ಯಾರಟೈಡ್ ಎಂಬ ಔಷಧದ ಬಗ್ಗೆ ನಾನೇ ಕೇಳಿದೆ, ಮೂಳೆಗೆ ರೇಡಿಯೇಷನ್ ಆದವರಿಗೆ ಅದನ್ನು ಕೊಡುವುದಿಲ್ಲ ಎಂದರು. ವಾಕರ್ ತಂದಿದ್ದೇವೆ. ನೆಲದ ಮೇಲೆ ಕೂರುವುದು ಬಂದ್. ಹೆರೆಮಣೆಯನ್ನು ನಾನು ಅಟ್ಟಕ್ಕೆ ಹಾಕಿದೆ. ಅಮ್ಮ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಪಾಸ್‌ಬುಕ್ ಮಾತ್ರ ತಾವೇ ಕಪಾಟಿನೊಳಗೆ ಇಟ್ಟರು.

ಇನ್ನೊಂದೇ ಪ್ರಶ್ನೆ. ಚೌತಿಗೆ ಊರಿಗೆ ಹೋಗಬೇಕೆಂದು ಹಟ ಹಿಡಿದಿದ್ದಾರೆ. ಥಾಣೆಯಲ್ಲಿ ಮತ್ಸ್ಯಗಂಧ ಹತ್ತಿಸಿದರೆ ಬೆಳಗಾಗುವುದರೊಳಗೆ ಕುಂದಾಪುರ. ಕರೆದುಕೊಂಡು ಹೋಗಬಹುದೇ?

ಮುಲುಂಡ್ ಕಾಕಾ

ನಿನ್ನ ಪತ್ರ ಓದಿ ನಮ್ಮ ಮನಿಯಾಕಿಗೂ ಓದಿ ಹೇಳಿದೆ ತಂಗಿ. ಪ್ರಯಾಣದ ಮಾತು ನಿಮ್ಮ ಡಾಕ್ಟರನ್ನ ಕೇಳು, ಚೌತಿಗೆ ಇನ್ನೂ ಏಳು ವಾರ ಅದ, ಅಷ್ಟರೊಳಗ ನೋವು ಎಷ್ಟು ಇಳೀತದ ನೋಡಿ ಅವರ ಹೇಳ್ತಾರ. ಹ್ಞೂಂ ಅಂದ್ರ ಕೆಳಗಿನ ಬರ್ತ್ ಹಿಡಿ, ಥಾಣೆ ಸ್ಟೇಷನ್ನಿನಾಗ ಬ್ರಿಜ್ ಹತ್ತಸಬ್ಯಾಡ, ವ್ಹೀಲ್‌ಚೇರ್ ತಗೋ.

ಮತ್ತ ಮೂರು ತಿಂಗಳ ಎಂಆರ್‌ಐ ಆದಷ್ಟು ಅದ ಮಷೀನಿನಾಗ ಮಾಡಸು, ಹಳೇ ಸಿಡಿ ಜೋಡಿ ಒಯ್ಯಿ. ಚೀಟಿಯೊಳಗ ಕರೆಂಟಿನ ಡೋಸ್, ಜಾಗ, ಮುಗದ ತಾರೀಖು ಬರದಾರೇನು ನೋಡು. ಬರದಿಲ್ಲ ಅಂದ್ರ ಅಲ್ಲೆ ನಿಂತು ಬರಸು.